ಸರ್ಕಾರಿ ಗೊಬ್ಬರ, ಊರಿನ ನೀರು: ಹಿಡಿತ ಯಾರ ಕೈಲಿರಬೇಕು?

ನಮ್ಮ ಅಜ್ಜಿ ಯೂರಿಯಾವನ್ನು ಒಂದು ದಿನವೂ ಯೂರಿಯಾ ಅಂತ ಕರೆದವರಲ್ಲ. ಅವರಿಗೆ ಅದು "ಸರ್ಕಾರಿ ಗೊಬ್ಬರ". ಕೊಟ್ಟಿಗೆಯಿಂದ ಬಂದದ್ದು ಮನೆ ಗೊಬ್ಬರ, ಬೆಟ್ಟದಿಂದ ಬಂದದ್ದು ಸೊಪ್ಪು, ಸೊಸೈಟಿಯಿಂದ ಚೀಲದಲ್ಲಿ ಬಂದದ್ದು ಸರ್ಕಾರಿ ಗೊಬ್ಬರ. ಹಳ್ಳಿಗಳ ಹಿರಿಯರು ಈಗಲೂ ಹೀಗೇ ಹೇಳುತ್ತಾರೆ. ಯಾವುದು ಯಾರ ಕೈಲಿದೆ ಅನ್ನುವುದು ಆ ಹೆಸರಿನಲ್ಲೇ ಇದೆ.

ಅದೇ ವಿಷಯ ಹೋದ ಸಲ ನಮ್ಮ ಮಲೆನಾಡಿನ ಊರಿನ ಗ್ರಾಮಸಭೆಯಲ್ಲಿ ಎದ್ದಿತು. ಒಬ್ಬ ಹೆಣ್ಣುಮಗಳು ನಿಂತು ಕೇಳಿದಳು: "ಅಣ್ಣಾ, ಕುಡಿಯೋ ನೀರಿನ ಬಾವಿ ಮೇಲ್ಗಡೆ ಇರೋ ತೋಟಕ್ಕೆ ಜೋರು ಮಳೇಲಿ ಗೊಬ್ಬರ ಹಾಕಬೇಡಿ ಅಂತ ಪಂಚಾಯಿತಿ ಹೇಳೋಕಾಗಲ್ವಾ?" ಸೊಸೈಟಿಯ ಹಳೇ ನಿರ್ದೇಶಕರೊಬ್ಬರು ಕುಳಿತಲ್ಲಿಂದಲೇ ಉತ್ತರ ಕೊಟ್ಟರು: "ಗೊಬ್ಬರದ ವಿಷಯ ಸರ್ಕಾರದ್ದು ತಂಗಿ. ಅದು ನಮ್ಮ ಕೈಲಿಲ್ಲ."

ಇಬ್ಬರ ಮಾತೂ ಸರಿ. ಆದರೆ ಇಬ್ಬರೂ ಹೇಳಿದ್ದು ಬೇರೆ ಬೇರೆ ವಿಷಯ. ಅವರು ಹೇಳಿದ್ದು ಚೀಲದ ಬಗ್ಗೆ, ಅವಳು ಕೇಳಿದ್ದು ನೀರಿನ ಬಗ್ಗೆ. ಈ ಎರಡನ್ನು ಬಿಡಿಸಿ ನೋಡಿದರೆ ಯಾವ ಹಿಡಿತ ರಾಜ್ಯದ ಬಳಿ ಇರಬೇಕು, ಯಾವುದು ಊರಿಗೆ ಬರಬೇಕು ಅನ್ನುವುದನ್ನು ತೀರ್ಮಾನಿಸುವುದು ಅಷ್ಟು ಕಷ್ಟವಲ್ಲ. ನಿಮ್ಮ ಊರಿನ ಸಭೆಯಲ್ಲೂ ಈ ಮಾತು ಬಂದಿದ್ದರೆ, ಅಥವಾ ನೀವೇ ಪಂಚಾಯಿತಿ ಸದಸ್ಯರಾಗಿದ್ದರೆ, ಮುಂದಿನದು ಉಪಯೋಗಕ್ಕೆ ಬರಬಹುದು.

ಈಗ ಇರುವ ವ್ಯವಸ್ಥೆ

ರಸಗೊಬ್ಬರ ಅಗತ್ಯ ವಸ್ತುಗಳ ಪಟ್ಟಿಯಲ್ಲಿದೆ. 1955ರ ಅಗತ್ಯ ವಸ್ತುಗಳ ಕಾಯಿದೆಯ ಕೆಳಗೆ ಕೇಂದ್ರ ಸರ್ಕಾರ 1985ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶ ಹೊರಡಿಸಿತು. ಇವತ್ತಿಗೂ ಎಲ್ಲ ನಡೆಯುವುದು ಅದರ ಪ್ರಕಾರವೇ. ಯಾವ ಗೊಬ್ಬರ ಮಾರಬಹುದು, ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿರಬೇಕು, ಚೀಲದ ಮೇಲೆ ಏನೇನು ಬರೆದಿರಬೇಕು, ಇದೆಲ್ಲ ಕೇಂದ್ರದ್ದು. ಯೂರಿಯಾ ಬೆಲೆಯೂ ಕೇಂದ್ರದ್ದೇ. ಯಾವ ರಾಜ್ಯಕ್ಕೆ ಯಾವ ತಿಂಗಳು ಎಷ್ಟು ಅನ್ನುವುದೂ ದೆಹಲಿಯಲ್ಲೇ ತೀರ್ಮಾನ ಆಗುತ್ತದೆ.

ರಾಜ್ಯದ ಕೆಲಸ ಅಲ್ಲಿಂದ ಮುಂದೆ. ಬಂದ ಗೊಬ್ಬರವನ್ನು ಜಿಲ್ಲೆಗಳಿಗೆ ಹಂಚುವುದು, ಅಂಗಡಿಗೆ ಪರವಾನಗಿ ಕೊಡುವುದು, ಇನ್‌ಸ್ಪೆಕ್ಟರ್ ನೇಮಿಸುವುದು, ಮಾದರಿ ತೆಗೆಸಿ ಪರೀಕ್ಷೆ ಮಾಡಿಸುವುದು, ತಪ್ಪಿದ್ದರೆ ಮಾರಾಟ ನಿಲ್ಲಿಸಿ ಕೇಸು ಹಾಕುವುದು. ಹೀಗಾಗಿ ನಾವು ರಾಜ್ಯದ ಹಿಡಿತ ಅನ್ನುವುದರಲ್ಲಿ ಅರ್ಧ ಕೇಂದ್ರದ್ದೇ. ಸಭೆಯಲ್ಲಿ ವಾದ ಮಾಡುವ ಮೊದಲು ಇದು ಗೊತ್ತಿರಲಿ. ಇಲ್ಲದಿದ್ದರೆ ರಾಜ್ಯ ಬದಲಾಯಿಸಲಾಗದ್ದನ್ನು ರಾಜ್ಯದ ಹತ್ತಿರ ಕೇಳುತ್ತಾ ಕೂರುತ್ತೇವೆ.

ಇನ್ನು ಪಂಚಾಯಿತಿ. 73ನೇ ತಿದ್ದುಪಡಿಯ ಜೊತೆ ಸಂವಿಧಾನಕ್ಕೆ ಸೇರಿದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಮೊದಲನೆಯದೇ ಕೃಷಿ. ಮಣ್ಣು ಸಂರಕ್ಷಣೆ, ಜಲಾನಯನ, ಕುಡಿಯುವ ನೀರು ಕೂಡ ಅದೇ ಪಟ್ಟಿಯಲ್ಲಿವೆ. ಆದರೆ ಪಟ್ಟಿಯಲ್ಲಿ ಇರುವುದು ಬೇರೆ, ಅಧಿಕಾರ ಕೈಗೆ ಬರುವುದು ಬೇರೆ. ಯಾವ ಅಧಿಕಾರವನ್ನು ಎಷ್ಟು ಇಳಿಸಬೇಕು ಅನ್ನುವುದು ರಾಜ್ಯ ಕಾನೂನಿನ ಮೇಲೆ ನಿಂತಿದೆ. ಜೊತೆಗೆ ಅಗತ್ಯ ವಸ್ತುಗಳ ಕಾಯಿದೆಯ ಕೆಳಗೆ ಹೊರಟ ಆದೇಶಕ್ಕೆ ಬೇರೆ ಕಾನೂನು ಅಡ್ಡ ಬಂದರೆ ಆದೇಶದ ಮಾತೇ ನಡೆಯುತ್ತದೆ. ಅಂದರೆ "ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಯೂರಿಯಾ ಮಾರುವಂತಿಲ್ಲ" ಅಂತ ಠರಾವು ಮಾಡಿದರೆ ಅದು ನಿಲ್ಲುವುದಿಲ್ಲ. ನಿರ್ದೇಶಕರು ಹೇಳಿದ್ದು ಈ ಮಟ್ಟಿಗೆ ಪೂರ್ತಿ ಸರಿ.

ಗುಣಮಟ್ಟದ ವಿಷಯದಲ್ಲಿ ರಾಜ್ಯವೇ ಬೇಕು

ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಿಂದ ಎರಡು ಚೀಲ ಡಿಎಪಿ ತಂದೆ. ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ ಅದು. ಎರಡೂ ಚೀಲ ಬಿಚ್ಚಿ ಗದ್ದೆಗೆ ಹಾಕುವಾಗ ನಮ್ಮ ಮನೆಗೆ ಕೆಲಸಕ್ಕೆ ಬರುವ ಹಿರಿಯರು ಹತ್ತು ಕಾಳು ಅಂಗೈಗೆ ಹಾಕಿಕೊಂಡರು. ಸೊಂಟದ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಚೂರು ಸುಣ್ಣ ಸವರಿ ಹೊಗೆಸೊಪ್ಪು ತಿಕ್ಕಿದ ಹಾಗೆ ಹೆಬ್ಬೆರಳಲ್ಲಿ ತಿಕ್ಕಿದರು. ಮೂಗಿಗೆ ಹಿಡಿದು, ಆಮೇಲೆ ನನ್ನ ಮೂಗಿಗೂ ಹಿಡಿದರು. "ವಾಸನೆ ಬಂತಾ?" ಬರಲಿಲ್ಲ. ಅಸಲಿ ಡಿಎಪಿಯಾದರೆ ಸುಣ್ಣ ಬಿದ್ದ ಕೂಡಲೇ ಅಮೋನಿಯಾ ಎದ್ದು ಮೂಗು ಸುಡಬೇಕು. ಕಣ್ಣಲ್ಲಿ ನೀರು ಬರಬೇಕು. ನಮ್ಮದರಲ್ಲಿ ಸುಣ್ಣದ ವಾಸನೆ ಬಿಟ್ಟು ಏನೂ ಇರಲಿಲ್ಲ.

ಸಿಟ್ಟು ಬಂತು. ನಾಲ್ಕು ಜನ ಸೇರಿ ಪಂಚಾಯಿತಿಗೆ ಹೋದೆವು. ಅಲ್ಲಿದ್ದವರಿಗೆ ನಮ್ಮ ಮೇಲೆ ಕನಿಕರ ಇತ್ತು, ಅಧಿಕಾರ ಇರಲಿಲ್ಲ. ಮಾದರಿ ತೆಗೆಯುವುದಕ್ಕೆ ನಿಯಮದ ಪ್ರಕಾರ ಇನ್‌ಸ್ಪೆಕ್ಟರೇ ಬೇಕು. ತೆಗೆದದ್ದನ್ನು ಮೂರು ಪಾಲು ಮಾಡಬೇಕು. ಒಂದು ಲ್ಯಾಬಿಗೆ, ಒಂದು ಮಾರಿದವರಿಗೆ, ಇನ್ನೊಂದು ಮುಂದೆ ತಕರಾರು ಎದ್ದರೆ ಅಂತ ಇಲಾಖೆಯ ಬಳಿ. ಕೊನೆಗೆ ಕೃಷಿ ಇಲಾಖೆಗೆ ಹೋದೆವು. ಬಾಯಿ ಬಿಚ್ಚಿದ ಚೀಲದ ಮಾದರಿ ಕೋರ್ಟಲ್ಲಿ ನಿಲ್ಲುವುದಿಲ್ಲ, ಬಿಲ್ಲು ಎಲ್ಲಿ ಅಂದರು. ಬಿಲ್ಲು ನಾನು ಕೇಳಿಯೇ ಇರಲಿಲ್ಲ. ಅಂಗಡಿಗೆ ಹೋಗಿ ನೋಡುವಷ್ಟರಲ್ಲಿ ಆ ಲಾಟು ಖಾಲಿ.

ನಾನು ಕಳೆದುಕೊಂಡದ್ದು ಎರಡು ಚೀಲದ ದುಡ್ಡು ಮಾತ್ರ ಅಲ್ಲ, ಒಂದು ಹಂಗಾಮಿನ ಬೆಳೆ. ಆದರೂ ಆಮೇಲೆ ಯೋಚನೆ ಮಾಡಿದಾಗ ಒಂದು ಸ್ಪಷ್ಟವಾಯಿತು. ಆ ಅಧಿಕಾರ ಪಂಚಾಯಿತಿಗೆ ಇದ್ದಿದ್ದರೂ ನನಗೆ ನ್ಯಾಯ ಸಿಗುತ್ತಿರಲಿಲ್ಲ. ಪಂಚಾಯಿತಿಗೆ ಲ್ಯಾಬ್ ಇಲ್ಲ. ಅದೇ ಲಾಟು ಪಕ್ಕದ ತಾಲ್ಲೂಕಿಗೂ ಹೋಗಿರುತ್ತದೆ, ಅಲ್ಲಿಗೆ ನಮ್ಮ ಪಂಚಾಯಿತಿಯ ಕೈ ಚಾಚುವುದಿಲ್ಲ. ಅಂಗಡಿಯವರು ಊರಿಗೆ ಬೇಕಾದವರು. ಕಷ್ಟಕಾಲದಲ್ಲಿ ಸಾಲ ಕೊಟ್ಟವರು, ಎಷ್ಟೋ ಸಲ ಸದಸ್ಯರ ನೆಂಟರು. ಅವರ ಮೇಲೆ ಕೇಸು ಹಾಕಿ ಅಂದರೆ ಯಾರು ಹಾಕುತ್ತಾರೆ? ದೂರದಿಂದ ಬರುವ ಅಧಿಕಾರಿಗೆ ಆ ದಾಕ್ಷಿಣ್ಯ ಇರುವುದಿಲ್ಲ. ಕಾಯಿದೆಯಲ್ಲಿ ಶಿಕ್ಷೆಯೂ ಸಣ್ಣದಲ್ಲ, ಏಳು ವರ್ಷದವರೆಗೆ ಜೈಲು ಇದೆ. ಅಂಥ ಶಿಕ್ಷೆ ಕೊಡಿಸುವ ಕೆಲಸ ಊರಿನ ರಾಜಕೀಯದ ನಡುವೆ ಬರಬಾರದು.

ಆದ್ದರಿಂದ ನಕಲಿ ಗೊಬ್ಬರ, ತೂಕದ ಮೋಸ, ಎಂಆರ್‌ಪಿಗಿಂತ ಜಾಸ್ತಿ ಬೆಲೆ, "ಯೂರಿಯಾ ಬೇಕಾದರೆ ಈ ಬಾಟಲಿಯನ್ನೂ ತಗೊಳ್ಳಿ" ಅಂತ ಲಿಂಕ್ ಮಾಡಿ ಮಾರುವುದು, ಇವು ನಿಮ್ಮ ಊರಿನ ತೊಂದರೆಯಾದರೆ ಸ್ಥಳೀಯ ಅಧಿಕಾರ ಕೇಳುವುದಕ್ಕೆ ಶಕ್ತಿ ಹಾಕಬೇಡಿ. ರಾಜ್ಯದ ಕೈಯನ್ನೇ ಗಟ್ಟಿ ಮಾಡಿ. ಬಿಲ್ಲು ಇಲ್ಲದೆ ಚೀಲ ಎತ್ತಬೇಡಿ, ಬಿಲ್ಲು ಕೊಡಲೇಬೇಕು ಅಂತ ಆದೇಶದಲ್ಲೇ ಇದೆ. ದಾಸ್ತಾನು ಮತ್ತು ಬೆಲೆಯ ಬೋರ್ಡನ್ನು ಅಂಗಡಿಯ ಮುಂದೆ ಹಾಕಬೇಕು ಅಂತಲೂ ಇದೆ. ಒಂದು ಚೀಲವನ್ನಾದರೂ ಬಿಚ್ಚದೆ ಇಟ್ಟುಕೊಳ್ಳಿ. ಅನುಮಾನ ಬಂದ ದಿನವೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೋ ಬರೆದು ಕೊಡಿ. ಸುಣ್ಣದ ಪರೀಕ್ಷೆ ಕೋರ್ಟಿಗೆ ಸಾಕ್ಷಿಯಲ್ಲ ನಿಜ, ಆದರೆ ಇನ್‌ಸ್ಪೆಕ್ಟರನ್ನು ಅಂಗಡಿ ಖಾಲಿಯಾಗುವ ಮೊದಲೇ ಕರೆಸುವುದಕ್ಕೆ ಅಷ್ಟು ಸಾಕು. ಯೂರಿಯಾಕ್ಕೂ ಹೀಗೆ ಒಂದು ಪರೀಕ್ಷೆ ಇದೆ. ಕಾದ ಕಾವಲಿಯ ಮೇಲೆ ನಾಲ್ಕು ಕಾಳು ಹಾಕಿದರೆ ಪೂರ್ತಿ ಕರಗಬೇಕು, ತಳದಲ್ಲಿ ಏನೂ ಉಳಿಯಬಾರದು.

ಹಂಚಿಕೆ: ಇಲ್ಲಿ ಊರಿನ ಕಣ್ಣು ಬೇಕು

ಹಂಚಿಕೆ ಮೇಲಿನಿಂದಲೇ ಆಗಬೇಕು. ಹಡಗಿನಲ್ಲಿ ಬಂದು, ರೈಲಿನಲ್ಲಿ ಇಳಿದು, ಲಾರಿಯಲ್ಲಿ ಸೊಸೈಟಿ ಮುಟ್ಟುವ ಸರಕನ್ನು ಪಂಚಾಯಿತಿ ಹಂಚುವುದಕ್ಕೆ ಆಗುವುದಿಲ್ಲ. ಆದರೆ ನಮ್ಮ ಕಡೆಯ ಒಂದು ಕಷ್ಟವನ್ನು ಮೇಲಿನವರು ನೋಡುವುದಿಲ್ಲ. ಗೊಬ್ಬರದ ಲೆಕ್ಕ ಇಡುವುದು ಕೃಷಿ ಇಲಾಖೆ. ಅಡಿಕೆ ಬರುವುದು ತೋಟಗಾರಿಕೆ ಇಲಾಖೆಗೆ. ಭತ್ತ, ಜೋಳದ ಬಿತ್ತನೆಯ ಅಂದಾಜಿನ ಮೇಲೆ ಬೇಡಿಕೆ ಪಟ್ಟಿ ತಯಾರಾದರೆ ತೋಟದ ಪಾಲು ಹಿಂದೆ ಬೀಳುತ್ತದೆ. 2025ರ ಮುಂಗಾರಿನಲ್ಲಿ ಯೂರಿಯಾಕ್ಕೆ ರಾಜ್ಯದಲ್ಲಿ ಎಷ್ಟು ಪರದಾಟ ಆಯಿತು ಅಂತ ಎಲ್ಲರೂ ನೋಡಿದ್ದೇವೆ.

ಇನ್ನೊಂದು, ಹೆಬ್ಬೆಟ್ಟು. 2018ರಿಂದ ಗೊಬ್ಬರದ ಸಬ್ಸಿಡಿ ಪಿಒಎಸ್ ಯಂತ್ರದ ಮೂಲಕ, ಅಂದರೆ ಕೊಳ್ಳುವವರ ಬೆರಳಚ್ಚು ಪಡೆದು ಮಾರಾಟ ದಾಖಲಿಸುವ ಯಂತ್ರದ ಮೂಲಕ ಲೆಕ್ಕ ಆಗುತ್ತದೆ. ವರ್ಷವಿಡೀ ಅಡಿಕೆ ಸುಲಿದು, ಅದನ್ನು ಬೇಯಿಸಿದ ಚೊಗರಿನಲ್ಲಿ ಕೈ ಅದ್ದಿದ ಹೆಂಗಸರ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಸೊಸೈಟಿ ಜಗಲಿಯಲ್ಲಿ ನನ್ನ ಮುಂದೆ ನಿಂತಿದ್ದ ಒಬ್ಬ ಅಮ್ಮ ಆರು ಸಲ ಬೆರಳು ಒತ್ತಿದರು. ಸೀರೆ ಸೆರಗಿಗೆ ಒರೆಸಿ ಒತ್ತಿದರು, ನೀರು ಹಚ್ಚಿ ಒತ್ತಿದರು. ಯಂತ್ರ ಒಪ್ಪಲಿಲ್ಲ. ಕೊನೆಗೆ ಬೇರೆಯವರ ಬೆರಳಲ್ಲಿ ಚೀಲ ತೆಗೆದುಕೊಂಡು ಹೋದರು. ಇಂಥದ್ದು ಮೇಲಿನ ಕಚೇರಿಗೆ ಕಾಣುವುದಿಲ್ಲ. ಹಂಚುವ ಅಧಿಕಾರ ಊರಿಗೆ ಬೇಡ, ಆದರೆ ಹೀಗಾಗುತ್ತಿದೆ ಅಂತ ಬರೆದು ಕಳಿಸುವ ಹಕ್ಕು ಬೇಕು. ಬರೆದದ್ದಕ್ಕೆ ಉತ್ತರ ಬರಬೇಕು. ಈ ತಿಂಗಳು ನಮ್ಮ ಸೊಸೈಟಿಗೆ ಎಷ್ಟು ಬಂತು, ಎಷ್ಟು ಹೋಯಿತು ಅನ್ನುವುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು ಅಂತ ಕೇಳಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ.

ಯಾವಾಗ ಹಾಕಬೇಕು, ಎಲ್ಲಿ ಹಾಕಬಾರದು

ಆ ಹೆಣ್ಣುಮಗಳು ಕೇಳಿದ್ದು ಇದನ್ನು. ರಾಜ್ಯದ ಹಿಡಿತ ಸೋಲುವುದೂ ಇಲ್ಲೇ.

ಅಡಿಕೆಗೆ ಸಂಶೋಧನಾ ಕೇಂದ್ರಗಳು ಹೇಳುವ ಲೆಕ್ಕ ಹೀಗಿದೆ. ಒಂದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಜೊತೆಗೆ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಕಾಂಪೋಸ್ಟ್. ಯೂರಿಯಾದಲ್ಲಿ ಶೇ. 46 ಸಾರಜನಕ ಇರುವುದರಿಂದ ಒಂದು ಮರಕ್ಕೆ ಸುಮಾರು 217 ಗ್ರಾಂ ಯೂರಿಯಾ. ಎಕರೆಗೆ 550 ಮರ ಅಂತ ಹಿಡಿದರೆ ಸುಮಾರು 120 ಕೆಜಿ, ಅಂದರೆ 45 ಕೆಜಿಯ ಎರಡೂವರೆ ಚೀಲಕ್ಕಿಂತ ಸ್ವಲ್ಪ ಜಾಸ್ತಿ. ಇದನ್ನು ಒಂದೇ ಸಲ ಹಾಕಬಾರದು. ಮೂರರಲ್ಲಿ ಒಂದು ಪಾಲು ಮುಂಗಾರಿನ ಶುರುವಿನಲ್ಲಿ, ಉಳಿದ ಎರಡು ಪಾಲು ಮಳೆ ಇಳಿದ ಮೇಲೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ.

"ಮುಂಗಾರಿನ ಶುರು" ಅಂದರೆ ಯಾವ ದಿನ? ನಮ್ಮ ಶಿವಮೊಗ್ಗ ಜಿಲ್ಲೆಯನ್ನೇ ನೋಡಿ. ಶಿಕಾರಿಪುರದ ಕಡೆ ಜೂನ್ ಕೊನೆಯಲ್ಲೂ ಹದ ಮಳೆ ಬೀಳುತ್ತಾ ಇರುತ್ತದೆ, ಹಾಕಿದ್ದು ಬೇರಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ಹೊಸನಗರ, ತೀರ್ಥಹಳ್ಳಿಯ ಪಶ್ಚಿಮದ ಊರುಗಳಲ್ಲಿ ಆರಿದ್ರ ಮಳೆ ಹಿಡಿದು ಬಸಿಗಾಲುವೆ ಉಕ್ಕಿ ಹರಿಯುತ್ತಿರುತ್ತದೆ. ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೆ ನಿಲ್ಲುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಜಿಲ್ಲೆ ಒಂದೇ. ಜಿಲ್ಲೆಗೆಲ್ಲ ಒಂದೇ ತಾರೀಕು ಇಟ್ಟರೆ ಒಂದು ಕಡೆ ಬೇಗ ಆಗುತ್ತದೆ, ಇನ್ನೊಂದು ಕಡೆ ತಡವಾಗುತ್ತದೆ.

ತಡವಾಗಿ ಹಾಕಿದ ಗೊಬ್ಬರ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕಾದರೆ ಮಲೆನಾಡಿನ ಮನೆಗಳು ಕೂತಿರುವ ರೀತಿ ನೋಡಿ. ಮೇಲೆ ಬೆಟ್ಟ, ಬೆಟ್ಟದ ಬುಡದಲ್ಲಿ ಮನೆ, ಅದರ ಕೆಳಗೆ ತೋಟ, ತೋಟದ ಕೆಳಗೆ ಗದ್ದೆ, ಗದ್ದೆಯ ಅಂಚಿನಲ್ಲಿ ಹಳ್ಳ. ನಿಮ್ಮ ತೋಟದ ನೀರು ಕೆಳಗಿನ ಮನೆಯವರ ಬಾವಿಗೆ ಬಸಿಯುತ್ತದೆ. ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಕುಡಿಯುವವರಿಗೆ ಒರತೆಯ ಮೇಲ್ಗಡೆ ಯಾರೂ ತೋಟ ಮಾಡದಿದ್ದರೆ ಚಿಂತೆ ಇಲ್ಲ. ಈಗ ಗುಡ್ಡದ ತಲೆಯವರೆಗೂ ಅಡಿಕೆ ಹತ್ತಿದೆ. ನಮ್ಮ ಜಂಬಿಟ್ಟಿಗೆ ಮಣ್ಣು ನೈಟ್ರೇಟನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ನೀರು ಹೋದ ಕಡೆ ಅದೂ ಹೋಗುತ್ತದೆ. ರಂಜಕ ಹಾಗಲ್ಲ, ಹುಳಿ ಮಣ್ಣಿನ ಕಬ್ಬಿಣಕ್ಕೆ ಅಂಟಿ ಕೂರುತ್ತದೆ, ಮಣ್ಣು ಕೊಚ್ಚಿ ಹೋದರೆ ಮಣ್ಣಿನ ಜೊತೆ ಹಳ್ಳ ಸೇರುತ್ತದೆ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಾನಕ ಇದೆ. ಮೀರಿದರೆ ಜಾಸ್ತಿ ಅಪಾಯ ಹಸುಗೂಸುಗಳಿಗೆ. ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕಡಿಮೆಯಾಗುತ್ತದೆ. ಮಗುವಿನ ನೀರನ್ನು ಕಾಯಿಸಿ ಕೊಡುತ್ತೇವಲ್ಲ, ಸಾಕು ಅನ್ನುವವರಿದ್ದಾರೆ. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬಾಣಂತಿ ಇರುವ ಮನೆಯವರಿಗೆ ಇದನ್ನು ಯಾರಾದರೂ ಹೇಳಲೇಬೇಕು.

ಈ ಬಾವಿ ಯಾರದ್ದು, ಅದರ ಮೇಲ್ಗಡೆ ತೋಟ ಯಾರದ್ದು, ಅವರು ಯಾವ ಮಳೆಯಲ್ಲಿ ಗೊಬ್ಬರ ಹಾಕುತ್ತಾರೆ, ಇದು ಬೆಂಗಳೂರಿಗೂ ಗೊತ್ತಾಗುವುದಿಲ್ಲ, ಜಿಲ್ಲಾ ಕಚೇರಿಗೂ ಗೊತ್ತಾಗುವುದಿಲ್ಲ. ಊರಿಗೆ ಗೊತ್ತು. ಆದ್ದರಿಂದ ಯಾವಾಗ, ಎಲ್ಲಿ ಅನ್ನುವ ಹಿಡಿತ ಊರಿಗೆ ಬರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಬೇರೆ ಕಡೆ ಆದದ್ದು

ಅಮೆರಿಕದ ಫ್ಲಾರಿಡಾದಲ್ಲಿ ನಮ್ಮ ಹಾಗೆಯೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಅಲ್ಲಿನ ಸರಸೋಟ ಕೌಂಟಿ 2007ರಲ್ಲಿ ಒಂದು ನಿಯಮ ಮಾಡಿತು. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಮನೆ ಮುಂದಿನ ಹುಲ್ಲುಹಾಸಿಗೆ ಸಾರಜನಕ, ರಂಜಕದ ಗೊಬ್ಬರ ಹಾಕುವಂತಿಲ್ಲ. ಪಿನೆಲಾಸ್ ಕೌಂಟಿ 2010ರಲ್ಲಿ ಆ ತಿಂಗಳುಗಳಲ್ಲಿ ಅಂಗಡಿಯ ಮಾರಾಟಕ್ಕೂ ತಡೆ ಹಾಕಿತು. ಕೊಲ್ಲಿಯ ನೀರು ಕೆಡುವುದನ್ನು ಕಣ್ಣೆದುರು ನೋಡಿದವರು ಮಾಡಿಕೊಂಡ ನಿಯಮ ಅದು. 2023ರಲ್ಲಿ ರಾಜ್ಯದ ಶಾಸನಸಭೆ ಹೊಸದಾಗಿ ಇಂಥ ನಿಯಮ ಮಾಡುವುದಕ್ಕೆ ಒಂದು ವರ್ಷ ತಡೆ ತಂದಿತು. ಊರು ಮಾಡಿದ ನಿಯಮವನ್ನು ಮೇಲಿನವರು ಯಾವಾಗ ಬೇಕಾದರೂ ಕಟ್ಟಿಹಾಕಬಹುದು ಅನ್ನುವುದು ಅಲ್ಲೂ ಇದೆ.

ಮಿನ್ನೆಸೋಟದಲ್ಲಿ ಬೇರೆ ರೀತಿ. ಅಲ್ಲಿ ಕೆರೆಗಳು ಜಾಸ್ತಿ. ಕೆಲವು ಊರುಗಳು ಮೊದಲು ರಂಜಕದ ಮೇಲೆ ತಮ್ಮದೇ ನಿಯಮ ಮಾಡಿದವು. ಆಮೇಲೆ ರಾಜ್ಯ 2002ರಲ್ಲಿ ಕಾನೂನು ತಂದು 2005ರ ಹೊತ್ತಿಗೆ ಇಡೀ ರಾಜ್ಯದ ಹುಲ್ಲುಹಾಸುಗಳಿಗೆ ಅನ್ವಯಿಸಿತು. ಊರು ಮೊದಲು ನಡೆದು ತೋರಿಸಿತು, ರಾಜ್ಯ ಹಿಂದೆ ಬಂತು. ಎರಡೂ ಕಡೆ ಹೊಲಕ್ಕಲ್ಲ, ಹುಲ್ಲುಹಾಸಿಗೆ ಮಾಡಿದ ನಿಯಮ ಅನ್ನುವುದನ್ನು ಮರೆಯಬಾರದು. ಅನ್ನ ಹುಟ್ಟುವ ಜಾಗಕ್ಕೆ ನಿಯಮ ಹಾಕುವಾಗ ಹತ್ತು ಪಟ್ಟು ಎಚ್ಚರ ಬೇಕು.

ಆ ಎಚ್ಚರ ತಪ್ಪಿದ್ದು ಶ್ರೀಲಂಕಾದಲ್ಲಿ. 2021ರಲ್ಲಿ ರಸಗೊಬ್ಬರದ ಆಮದನ್ನೇ ಒಮ್ಮೆಲೇ ನಿಲ್ಲಿಸಿದರು. ಭತ್ತದ ಇಳುವರಿ ಕುಸಿಯಿತು, ಚಹಾ ಕುಸಿಯಿತು, ಕೆಲವೇ ತಿಂಗಳಲ್ಲಿ ಹಿಂದೆ ತೆಗೆದುಕೊಳ್ಳಬೇಕಾಯಿತು. ಮೇಲಿನವರು ಒಂದು ಸಹಿಯಲ್ಲಿ ತಪ್ಪು ಮಾಡಿದರೆ ದೇಶದ ಎಲ್ಲ ರೈತರೂ ಒಂದೇ ದಿನ ಅನುಭವಿಸಬೇಕು. ನಮ್ಮ ಸಿಕ್ಕಿಂ ಅದೇ ಕೆಲಸವನ್ನು 2003ರಲ್ಲಿ ಘೋಷಿಸಿ, ಹಂತ ಹಂತವಾಗಿ ಸಬ್ಸಿಡಿ ತೆಗೆದು, 2014ರಲ್ಲಿ ಕಾನೂನು ಮಾಡಿ, 2016ರಲ್ಲಿ ಪೂರ್ತಿ ಸಾವಯವ ರಾಜ್ಯ ಅನ್ನಿಸಿಕೊಂಡಿತು. ಸುಮಾರು 75 ಸಾವಿರ ಹೆಕ್ಟೇರ್ ನೆಲಕ್ಕೆ 13 ವರ್ಷ ತೆಗೆದುಕೊಂಡರು. ಅಲ್ಲಿ ಮೊದಲೇ ರಸಗೊಬ್ಬರದ ಬಳಕೆ ಬಹಳ ಕಡಿಮೆ ಇತ್ತು. ಸಿಕ್ಕಿಂ ಮಾಡಿತು, ನಾವೂ ನಾಳೆಯೇ ಮಾಡೋಣ ಅನ್ನುವವರಿಗೆ ಇದನ್ನು ಹೇಳಿ.

ಊರಿನ ಹಿಡಿತಕ್ಕೂ ಮಿತಿ ಇದೆ

ಊರಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಬೇಲಿ ಜಗಳ ಇರುವ ಇಬ್ಬರಲ್ಲಿ ಒಬ್ಬರು ಸದಸ್ಯರಾದರೆ ಗೊಬ್ಬರದ ನಿಯಮ ಇನ್ನೊಬ್ಬರ ತೋಟದ ಮೇಲೆ ಮಾತ್ರ ಬೀಳಬಹುದು. ಎರಡು ಪಂಚಾಯಿತಿಯಲ್ಲಿ ಜಮೀನು ಇರುವವರಿಗೆ ಎರಡು ನಿಯಮ. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಬ್ಬರೇ ಎಷ್ಟು ಕೆಲಸ ನೋಡಿಕೊಳ್ಳಬೇಕು?

ಎಲ್ಲಕ್ಕಿಂತ ದೊಡ್ಡದು ಹೊಳೆ. ತುಂಗೆ ಶೃಂಗೇರಿ ದಾಟಿ ತೀರ್ಥಹಳ್ಳಿಗೆ ಬರುತ್ತಾಳೆ, ಮಂಡಗದ್ದೆ ದಾಟಿ ಗಾಜನೂರು ಅಣೆಕಟ್ಟಿಗೆ, ಅಲ್ಲಿಂದ ಶಿವಮೊಗ್ಗಕ್ಕೆ, ಕೂಡಲಿಯಲ್ಲಿ ಭದ್ರೆಯನ್ನು ಕೂಡುತ್ತಾಳೆ. ನಮ್ಮ ಪಂಚಾಯಿತಿ ಎಷ್ಟು ಶುದ್ಧವಾಗಿ ನಡೆದರೂ ಮೇಲಿನ ಜಿಲ್ಲೆಯವರು ನಡೆಯದಿದ್ದರೆ ಹೊಳೆ ಹೊಳೆಯ ಹಾಗೆ ಇರುವುದಿಲ್ಲ. ಬಾವಿಯನ್ನು ಊರು ಕಾಯಬಹುದು. ಹೊಳೆಗೆ ರಾಜ್ಯವೇ ಬೇಕು.

ಬೆಲೆಯ ವಿಷಯವೂ ಊರಿನ ಕೈ ಮೀರಿದ್ದು. ಯೂರಿಯಾದ 45 ಕೆಜಿ ಚೀಲ ₹266ರ ಹತ್ತಿರ ಸಿಗುವಾಗ, ಡಿಎಪಿ ಚೀಲಕ್ಕೆ ₹1,350 ಕೊಡಬೇಕಾದಾಗ ರೈತ ಯಾವುದನ್ನು ಜಾಸ್ತಿ ಎರಚುತ್ತಾನೆ? 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರ ಹೊರಗೆ ಇಟ್ಟರು. ನಮ್ಮ ಬಾವಿಗೆ ಬಸಿಯುವ ಸಾರಜನಕದ ಹಿಂದೆ ಆ ತೀರ್ಮಾನವೂ ಇದೆ. ರೈತನನ್ನೊಬ್ಬನನ್ನೇ ಬೈಯುವುದು ಅನ್ಯಾಯ.

ಹಾಗಾದರೆ ಎರಡನ್ನೂ ಸೇರಿಸಿ ನಡೆಸುವುದು ಸಾಧ್ಯವಾ? ಮಲೆನಾಡಿಗೆ ಇದು ಹೊಸದಲ್ಲ. ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು, ತರಗೆಲೆ ತರುವುದಕ್ಕೆ ಬಿಟ್ಟ ಕಾಡನ್ನು ನೆನಪಿಸಿಕೊಳ್ಳಿ. 1964ರ ಭೂಕಂದಾಯ ಕಾಯಿದೆಯ 79ನೇ ಕಲಮಿನಲ್ಲಿ ಹಳೇ ಮೈಸೂರು ಸೀಮೆಯ ಕಾನು, ಸೊಪ್ಪಿನ ಬೆಟ್ಟಗಳ ಸವಲತ್ತು ಬರೆದಿದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಕೊಡುವ ಪದ್ಧತಿ ಇತ್ತು. ನೆಲ ಸರ್ಕಾರದ್ದು, ಹಕ್ಕಿನ ಅಳತೆ ಸರ್ಕಾರದ್ದು. ಯಾವ ಮರ ಯಾವಾಗ ಸವರಬೇಕು, ತರಗೆಲೆ ಯಾವಾಗ ಗುಡಿಸಬೇಕು ಅನ್ನುವುದು ಮನೆಯವರದ್ದು, ಕೇರಿಯವರದ್ದು. ಇದು ನಮ್ಮ ಮೊದಲ ಗೊಬ್ಬರದ ಕಾನೂನು. ಕೇರಿಯವರು ಅಳತೆ ಮೀರದೆ ಸವರಿದ ಕಡೆ ಬೆಟ್ಟ ಉಳಿದಿದೆ.

ನಿಮ್ಮ ಊರು ಯಾವುದನ್ನು ಹಿಡಿಯಬೇಕು

ನಕಲಿ, ಬೆಲೆ, ಕೊರತೆ ನಿಮ್ಮ ದೊಡ್ಡ ತೊಂದರೆಯಾದರೆ ರಾಜ್ಯದ ಬಾಗಿಲು. ಹೊಳೆ, ಅಣೆಕಟ್ಟು, ಪೇಟೆಯ ನೀರು ಸಮಸ್ಯೆಯಾದರೆ ಜಿಲ್ಲೆ ಮತ್ತು ರಾಜ್ಯ. ತೆರೆದ ಬಾವಿ, ಅಬ್ಬಿ, ಊರ ಕೆರೆ ನಂಬಿ ಬದುಕುವ ಊರಾದರೆ, ಅದೂ ಮಳೆ ಜಾಸ್ತಿ ಇರುವ ಪಶ್ಚಿಮದ ಊರಾದರೆ, ಪಂಚಾಯಿತಿಯ ಕೈಗೆ ಕೆಲಸ ಕೊಡಿ. ಬಯಲಿನ ಅಂಚಿನಲ್ಲಿರುವ, ನಾಲೆ ನೀರಿನ ಭತ್ತದ ಊರಿಗೆ ಸ್ಥಳೀಯ ನಿಯಮದಿಂದ ಸಿಗುವುದು ಕಡಿಮೆ. ಅಲ್ಲಿ ಮಣ್ಣು ಪರೀಕ್ಷೆಯ ಕಾರ್ಡನ್ನು ಸರಿಯಾಗಿ ಮಾಡಿಸಿ ಅದರಂತೆ ನಡೆಯುವುದೇ ಮೇಲು.

ಪಂಚಾಯಿತಿಗೆ ಗೊಬ್ಬರ ನಿಲ್ಲಿಸುವ ಅಧಿಕಾರ ಇಲ್ಲದಿದ್ದರೂ ಇವತ್ತೇ ಮಾಡಬಹುದಾದ್ದು ಬಹಳ ಇದೆ. ಕುಡಿಯುವ ನೀರಿನ ಮೂಲ ಕಾಯುವುದು ಅದರದ್ದೇ ಕೆಲಸ. ಜಲಜೀವನ್ ಮಿಷನ್‌ನಲ್ಲಿ ಊರಿನ ಹೆಂಗಸರಿಗೆ ತರಬೇತಿ ಕೊಟ್ಟು ನೀರು ಪರೀಕ್ಷೆಯ ಕಿಟ್ ಕೊಡುವ ವ್ಯವಸ್ಥೆ ಇದೆ, ಅದರಲ್ಲಿ ನೈಟ್ರೇಟ್ ಪರೀಕ್ಷೆಯೂ ಸೇರಿದೆ. ನಿಮ್ಮ ಊರಿನ ಕಿಟ್ ಎಲ್ಲಿದೆ ಅಂತ ಕೇಳಿ. ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ. ಮಳೆಗೆ ಮೊದಲು ಒಂದು ಸಲ, ಮೃಗಶಿರ ಕಳೆದ ಮೇಲೆ ಒಂದು ಸಲ, ಮಳೆ ಇಳಿದ ಮೇಲೆ ಒಂದು ಸಲ ಬಾವಿ ನೀರು ನೋಡಿ. ಅಳತೆ ಕೈಲಿಲ್ಲದೆ ಯಾರ ತೋಟದ ಮೇಲೂ ಬೆರಳು ತೋರಿಸಬೇಡಿ.

ನಮ್ಮ ಊರಿನಲ್ಲಿ ಆ ಸಭೆಯ ಆಮೇಲೆ ಬಾವಿಯ ಮೇಲ್ಗಡೆ ತೋಟ ಇರುವ ಐದು ಮನೆಯವರನ್ನು ಕರೆದು ಕೂರಿಸಿದೆವು. ಠರಾವು ಬೇಡ, ದಂಡ ಬೇಡ ಅಂತ ಮೊದಲೇ ಹೇಳಿದೆವು. ಆರಿದ್ರ ಹುಟ್ಟಿದ ಮೇಲೆ ಮಘೆ ಮುಗಿಯುವವರೆಗೆ ಬಾವಿಯಿಂದ ಮೇಲಿನ ಮೂರು ಸಾಲು ಮರಕ್ಕೆ ಚೀಲದ ಗೊಬ್ಬರ ಇಲ್ಲ, ಸೊಪ್ಪು ಮತ್ತು ಕೊಟ್ಟಿಗೆ ಗೊಬ್ಬರ ಮಾತ್ರ ಅಂತ ಮಾತಾಯಿತು. ಆ ಸಾಲುಗಳಿಗೆ ಸೊಪ್ಪು ಹೊರುವುದಕ್ಕೆ ಉಳಿದ ಮನೆಗಳಿಂದ ಒಂದೊಂದು ಆಳು. ಬಸಿಗಾಲುವೆಯನ್ನು ಬಾವಿಯ ಕಡೆಯಿಂದ ಆಚೆ ತಿರುಗಿಸುವ ಕೆಲಸ ಎಲ್ಲರದ್ದು. ನಾಲ್ವರು ಒಪ್ಪಿದರು. ಐದನೆಯವರು ಯೋಚನೆ ಮಾಡುತ್ತೇನೆ ಅಂದಿದ್ದಾರೆ. ಅವರ ಮನೆಯಲ್ಲಿ ಆಳಿಲ್ಲ, ಮಗ ಬೆಂಗಳೂರಿನಲ್ಲಿದ್ದಾನೆ. ಸೊಪ್ಪು ಹೊರುವುದಕ್ಕೆ ಅವರಿಗೆ ಎರಡು ಆಳು ಕೊಡುವುದು ಅಂತ ಆಗಿದೆ.

ಪ್ರಶ್ನೆ ಕೇಳಿದ ಆ ಹೆಣ್ಣುಮಗಳು ಈಗ ಕಿಟ್ ಇಟ್ಟುಕೊಂಡಿದ್ದಾಳೆ. ಅವಳ ಮಗುವಿಗೆ ಆರು ತಿಂಗಳು. ಬಾವಿಕಟ್ಟೆಯ ಮೇಲೆ ಪುಟ್ಟ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಪುಡಿ ಹಾಕಿ ಅಲ್ಲಾಡಿಸಿ, ಬಣ್ಣದ ಪಟ್ಟಿಯ ಪಕ್ಕ ಇಟ್ಟು ನೋಡುತ್ತಾಳೆ. ನೋಡಿದ್ದನ್ನು ತಾರೀಕಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಮುಂದಿನ ಗ್ರಾಮಸಭೆಗೆ ಆ ನೋಟ್‌ಬುಕ್ ಬರುತ್ತದೆ. ಸೊಸೈಟಿಗೆ ಬಂದ ಚೀಲಗಳ ಲೆಕ್ಕವನ್ನೂ ಅದೇ ದಿನ ತರುತ್ತೇವೆ ಅಂತ ನಿರ್ದೇಶಕರು ಒಪ್ಪಿದ್ದಾರೆ.